ಸಿಮ್ಯುಲೇಟರ್‌ನಲ್ಲಿ ವಿಮಾನ ಕೈಕೊಟ್ಟಾಗ: ಯಾವ ಅಭ್ಯಾಸಕ್ಕೆ ಯಾವ ಬಗೆಯ ವೈಫಲ್ಯ ಸರಿ

ಸಿಮ್ಯುಲೇಟರ್‌ನಲ್ಲಿ ಎಂಜಿನ್ ಕೆಡಿಸುವುದು ಒಂದು ಕ್ಲಿಕ್ಕಿನ ಕೆಲಸ. ಕೆಟ್ಟ ಎಂಜಿನ್ನಿನ ಎದುರು ಕೂತು ಏನು ಕಲಿಯುತ್ತೀರಿ ಅನ್ನುವುದು ಮಾತ್ರ ಅದನ್ನು ಯಾವ ರೀತಿ ಕೆಡಿಸಿದಿರಿ ಅನ್ನುವುದರ ಮೇಲೆ ನಿಂತಿದೆ. ಹೊಸಬರು ಸಾಮಾನ್ಯವಾಗಿ ವೈಫಲ್ಯಗಳ ಪಟ್ಟಿ ತೆರೆದು, ನೋಡಲು ಭಯಂಕರವಾದ ನಾಲ್ಕೈದನ್ನು ಒಟ್ಟಿಗೆ ಆನ್ ಮಾಡಿ, ಎರಡು ನಿಮಿಷದಲ್ಲಿ ನೆಲಕ್ಕೆ ಬಡಿದು, ಆಮೇಲೆ ಆ ಪಟ್ಟಿಯತ್ತ ತಿರುಗಿಯೂ ನೋಡುವುದಿಲ್ಲ. ಅಷ್ಟು ಒಳ್ಳೆಯ ಸಾಧನ ಹಾಗೆ ಮೂಲೆ ಸೇರುವುದು ನಿಜಕ್ಕೂ ಬೇಸರದ ಸಂಗತಿ.

ಆರಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ಕೆಟ್ಟಿದ್ದರ ಕಾರಣ ಕಾಕ್‌ಪಿಟ್‌ನಲ್ಲಿ ಹುಡುಕಿದರೆ ಸಿಗುತ್ತದೆಯೇ? ಯಾವಾಗ ಕೆಡುತ್ತದೆಂದು ನಿಮಗೆ ಮೊದಲೇ ಗೊತ್ತೇ? ಒಂದು ಕೆಟ್ಟಾಗ ಅದನ್ನು ನಂಬಿಕೊಂಡ ಬೇರೆ ಭಾಗಗಳೂ ಕೆಡುತ್ತವೆಯೇ? ಸಿಮ್ಯುಲೇಟರ್ ಯಾವುದು, ವಿಮಾನ ಯಾವುದು ಎಂಬ ಚರ್ಚೆ ಇವುಗಳ ನಂತರದ್ದು.

ಕಾರಣ ಸಿಗುವ ವೈಫಲ್ಯ, ಕಾರಣ ಸಿಗದ ವೈಫಲ್ಯ

ಮೆನುವಿನಲ್ಲಿ ‘ಎಂಜಿನ್ ವೈಫಲ್ಯ’ ಎಂದು ಆರಿಸಿದರೆ ಸಿಮ್ಯುಲೇಟರ್ ಎಂಜಿನ್ನನ್ನು ಸುಮ್ಮನೆ ಸತ್ತಿದೆ ಎಂದು ಗುರುತು ಹಾಕಿಕೊಳ್ಳುತ್ತದೆ. ನೀವು ಚೆಕ್‌ಲಿಸ್ಟಿನ ಒಂದೊಂದು ಸಾಲನ್ನೂ ಅಚ್ಚುಕಟ್ಟಾಗಿ ಮಾಡಿದರೂ ಅದು ಮತ್ತೆ ಹೊತ್ತಿಕೊಳ್ಳುವುದಿಲ್ಲ. ಹತ್ತು ಸಲ ಹೀಗಾದ ಮೇಲೆ ಮನಸ್ಸು ತಪ್ಪು ಪಾಠ ಕಲಿಯುತ್ತದೆ: ಚೆಕ್‌ಲಿಸ್ಟ್ ಮಾಡಿ ಪ್ರಯೋಜನವಿಲ್ಲ, ನೇರ ಹೊಲಕ್ಕಿಳಿಸೋಣ ಎಂದು. ನಿಜವಾದ ವಿಮಾನದಲ್ಲಿ ಖಾಲಿಯಾದ ಟ್ಯಾಂಕಿನ ಕಡೆ ತಿರುಗಿದ ಸೆಲೆಕ್ಟರ್ (ಯಾವ ಟ್ಯಾಂಕಿನ ಇಂಧನ ಎಂದು ಆರಿಸುವ ಹಿಡಿ), ತಪ್ಪಿ ಎಳೆದ ಮಿಕ್ಸ್ಚರ್ (ಇಂಧನ-ಗಾಳಿಯ ಬೆರಕೆ ಬದಲಿಸುವ ಗುಂಡಿ) ಇಂಥವೇ ಎಂಜಿನ್ನನ್ನು ನಿಲ್ಲಿಸಬಲ್ಲವು, ಮತ್ತು ಇವಕ್ಕೆ ಮದ್ದು ಚೆಕ್‌ಲಿಸ್ಟಿನಲ್ಲೇ ಇದೆ.

ಹಾಗಾಗಿ ಚೆಕ್‌ಲಿಸ್ಟ್ ಅಭ್ಯಾಸಕ್ಕೆ ಕಾರಣವನ್ನೇ ಹುಟ್ಟಿಸಿ. ಸೆಸ್ನಾ 172ಎಸ್ ತೆಗೆದುಕೊಳ್ಳಿ. ಎಡ ಟ್ಯಾಂಕಿನಲ್ಲಿ 3 ಗ್ಯಾಲನ್, ಬಲದಲ್ಲಿ 15 ಗ್ಯಾಲನ್ ಇಟ್ಟು, ಎರಡೂ ಟ್ಯಾಂಕ್ ತೆರೆದಿಟ್ಟೇ ಟೇಕಾಫ್ ಮಾಡಿ 3,500 ಅಡಿಗೆ ಏರಿ. ಅಲ್ಲಿ ಸೆಲೆಕ್ಟರನ್ನು ಎಡಕ್ಕೆ ತಿರುಗಿಸಿ, ಬೇರೆ ಕೆಲಸದಲ್ಲಿ ತೊಡಗಿಕೊಳ್ಳಿ: ಒಂದು ರೇಡಿಯೋ ಸ್ಟೇಷನ್ ಹಿಡಿಯಿರಿ, ನಕ್ಷೆ ನೋಡಿ, ತಿರುವು ಹಾಕಿ. ಸಮತಟ್ಟು ಹಾರಾಟದಲ್ಲಿ ಗಂಟೆಗೆ ಸುಮಾರು 9 ಗ್ಯಾಲನ್ ಉರಿಯುತ್ತದೆ. ಟ್ಯಾಂಕಿನ ತಳದ ಬಳಸಲಾಗದ ಇಂಧನವನ್ನು ಆಯಾ ಸಿಮ್ಯುಲೇಟರ್ ಹೇಗೆ ಲೆಕ್ಕ ಹಾಕುತ್ತದೆ, ಏರುವಾಗ ಎಡದಿಂದ ಎಷ್ಟು ಹೋಯಿತು ಎಂಬುದರ ಮೇಲೆ ಹೊತ್ತು ಹಿಂದೆಮುಂದೆ ಆಗುತ್ತದೆ. ಆ ಅನಿಶ್ಚಿತತೆ ನಿಮ್ಮ ಪರವಾಗಿಯೇ ಇದೆ. ನಿಖರವಾಗಿ ಯಾವ ಕ್ಷಣಕ್ಕೆ ಎಂದು ನಿಮಗೂ ಗೊತ್ತಿರುವುದಿಲ್ಲ.

ಎಂಜಿನ್ ಮೊದಲು ಕೆಮ್ಮುತ್ತದೆ, ಆಮೇಲೆ ಸದ್ದು ಇಳಿಯುತ್ತದೆ. ಆಗ ಕೈ ಮೊದಲು ಹೋಗಬೇಕಾದದ್ದು ಯೋಕ್‌ಗೆ, ಯಾವ ಸ್ವಿಚ್ಚಿಗೂ ಅಲ್ಲ. ವೇಗ 68 ನಾಟ್‌ಗೆ ತಂದು ಟ್ರಿಮ್ ಮಾಡಿ. ಪೂರ್ಣ ತೂಕದ 172ಎಸ್ ಆ ವೇಗದಲ್ಲಿ ಪ್ರತಿ 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. ನೆಲದಿಂದ 3,000 ಅಡಿ ಮೇಲಿದ್ದರೆ ಗಾಳಿಯಿಲ್ಲದಾಗ ನಾಲ್ಕೂವರೆ ಮೈಲಿ, ಸುಮಾರು ನಾಲ್ಕು ನಿಮಿಷ. ಇಳಿಯುವ ಜಾಗ ಗೊತ್ತುಮಾಡಿ ಮೂತಿಯನ್ನು ಅತ್ತ ತಿರುಗಿಸಿದ ಮೇಲೆ ಉಳಿದದ್ದು: ಇಂಧನ ಶಟ್‌ಆಫ್ ಗುಂಡಿ ಪೂರ್ತಿ ಒಳಗೆ, ಸೆಲೆಕ್ಟರ್ ಎರಡೂ ಟ್ಯಾಂಕಿಗೆ, ಆಕ್ಸಿಲಿಯರಿ ಇಂಧನ ಪಂಪ್ ಆನ್, ಮಿಕ್ಸ್ಚರ್ ಪೂರ್ತಿ ಮುಂದೆ, ಕಿಡಿ ಕೊಡುವ ಮ್ಯಾಗ್ನೆಟೊಗಳ ಸ್ವಿಚ್ ಎರಡರ ಮೇಲೂ ಇದೆಯೇ ನೋಡುವುದು. ಪ್ರೊಪೆಲರ್ ಗಾಳಿಗೆ ತಾನೇ ತಿರುಗುತ್ತಿದ್ದರೆ ಸ್ಟಾರ್ಟರ್ ಬೇಕಿಲ್ಲ. ಪೂರ್ತಿ ನಿಂತಿದ್ದರೆ ಮಾತ್ರ ಬೇಕು. ಇಲ್ಲಿ ಎರಡನೇ ಸಾಲಿಗೇ ಮದ್ದು ಸಿಕ್ಕಿರುತ್ತದೆ. ಕೆಲವು ಸೆಕೆಂಡಿನಲ್ಲಿ ಎಂಜಿನ್ ಜೀವ ಪಡೆಯುವ ಸದ್ದು ಕೇಳಿದವರು ಆ ಚೆಕ್‌ಲಿಸ್ಟನ್ನು ಮತ್ತೆ ಹಗುರವಾಗಿ ಕಾಣುವುದಿಲ್ಲ.

ಪೂರ್ತಿ ಸತ್ತ ಎಂಜಿನ್ನಿಗೂ ಅದರದೇ ಜಾಗವಿದೆ. ಹೊಲಕ್ಕೆ ಇಳಿಸುವ ಲೆಕ್ಕಾಚಾರವನ್ನೇ ಕಲಿಯಬೇಕಾದಾಗ ಎಂಜಿನ್ ನಡುವೆ ಎದ್ದು ಕೂತರೆ ಅಭ್ಯಾಸ ಕೆಡುತ್ತದೆ. ಅದಕ್ಕೆ ಮೆನುವಿನ ವೈಫಲ್ಯವೇ ಸರಿ. ಎಂಜಿನ್ ಮರಳದು ಎಂದು ಖಚಿತವಾದ ಮೇಲೆ ಫ್ಲ್ಯಾಪ್ ಮೇಲಿದ್ದರೆ 70, ಇಳಿದಿದ್ದರೆ 65 ನಾಟ್. ಮಿಕ್ಸ್ಚರ್ ಕಟ್‌ಆಫ್, ಶಟ್‌ಆಫ್ ಗುಂಡಿ ಹೊರಗೆ, ಇಗ್ನಿಷನ್ ಆಫ್, ಇಳಿಯುವುದು ಖಾತ್ರಿಯಾದ ಮೇಲೆ ಮಾಸ್ಟರ್ ಆಫ್, ನೆಲ ಮುಟ್ಟುವ ಮುಂಚೆ ಬಾಗಿಲಿನ ಚಿಲಕ ಬಿಡಿಸುವುದು. ಮಾಸ್ಟರನ್ನು ಮೊದಲೇ ಆಫ್ ಮಾಡಿದರೆ 172ರ ಫ್ಲ್ಯಾಪ್ ವಿದ್ಯುತ್ತಿನದಾದ್ದರಿಂದ ಇದ್ದಲ್ಲೇ ನಿಂತುಬಿಡುತ್ತದೆ. ಸಿಮ್ಯುಲೇಟರ್‌ನಲ್ಲಿ ಪದೇ ಪದೇ ಕಾಣುವ ತಪ್ಪು ಇದು.

ಥ್ರಾಟಲನ್ನು ಹಿಂದಕ್ಕೆಳೆದು ಎಂಜಿನ್ ಸತ್ತಂತೆ ಭಾವಿಸುವ ಮೂರನೇ ದಾರಿಯೂ ಇದೆ. ಐಡಲ್‌ನಲ್ಲಿ ತಿರುಗುವ ಪ್ರೊಪೆಲರ್‌ಗಿಂತ ಸತ್ತ ಎಂಜಿನ್ನಿನ ಪ್ರೊಪೆಲರ್ ಗಾಳಿಯನ್ನು ಹೆಚ್ಚು ತಡೆಯುತ್ತದೆ. ಐಡಲ್‌ನಲ್ಲಿ ಕಲಿತವರು ನಿಜವಾಗಿ ಎಂಜಿನ್ ನಿಂತ ದಿನ ಹೊಲಕ್ಕೆ ಮುಂಚೆಯೇ ನೆಲ ಸೇರುತ್ತಾರೆ. ಮನೆಯ ಸಿಮ್ಯುಲೇಟರ್‌ನಲ್ಲಿ ಈ ದಾರಿ ಬೇಡವೇ ಬೇಡ. ಎಂಜಿನ್ ಪೂರ್ತಿ ನಿಲ್ಲಿಸಿದರೂ ಅಪಾಯವಿಲ್ಲದ ಜಾಗ ಇದೊಂದೇ.

ಯಾವಾಗ ಕೆಡಬೇಕು

ಎಕ್ಸ್-ಪ್ಲೇನ್ ಸಿಮ್ಯುಲೇಟರ್‌ನಲ್ಲಿ ಪ್ರತಿ ಭಾಗಕ್ಕೂ ಏಳು ಸ್ಥಿತಿಗಳಿವೆ: ಎಂದೂ ಕೆಡದು, ಸರಾಸರಿ ಇಷ್ಟು ಗಂಟೆಗೊಮ್ಮೆ ಯಾದೃಚ್ಛಿಕವಾಗಿ ಕೆಡುವುದು, ನಿಗದಿತ ಹೊತ್ತಿಗೆ, ನಿಗದಿತ ವೇಗದಲ್ಲಿ, ನೆಲದಿಂದ ನಿಗದಿತ ಎತ್ತರದಲ್ಲಿ, ಕೀಲಿ ಒತ್ತಿದಾಗ, ಮತ್ತು ಈಗಲೇ ಕೆಟ್ಟಿರುವುದು. ಸ್ಕ್ರಿಪ್ಟ್ ಬರೆಯುವವರಿಗೆ ಇವೇ 0ಯಿಂದ 6ರ ವರೆಗಿನ ಸಂಖ್ಯೆಗಳಾಗಿ, ಹೊರಗಿನಿಂದ ಓದಿ ಬದಲಿಸಬಹುದಾದ ಡೇಟಾರೆಫ್‌ಗಳಲ್ಲಿ ಸಿಗುತ್ತವೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಸರಣಿಯ ಹಳೆಯ ಪದ್ಧತಿ ಬೇರೆ: ಭಾಗವನ್ನು ಆರಿಸಿ, ಇಷ್ಟು ನಿಮಿಷದಿಂದ ಇಷ್ಟು ನಿಮಿಷದ ಒಳಗೆ ಕೆಡಲಿ ಎಂದು ಕಿಟಕಿ ಕೊಡುವುದು. ಅದರಲ್ಲಿ ಸಿಮ್‌ಕನೆಕ್ಟ್ ಮೂಲಕ ಹೊರಗಿನ ಪ್ರೋಗ್ರಾಮ್‌ಗಳೂ ಎಂಜಿನ್, ವ್ಯಾಕ್ಯೂಮ್, ಪಿಟೊ, ಸ್ಟ್ಯಾಟಿಕ್, ಹೈಡ್ರಾಲಿಕ್, ಬ್ರೇಕ್ ವೈಫಲ್ಯಗಳನ್ನು ಹಚ್ಚಬಹುದು.

ಕೈಗೆ ಅಭ್ಯಾಸವಾಗಬೇಕಾದ ಕ್ರಿಯೆಗೆ ವೇಗ ಅಥವಾ ಎತ್ತರಕ್ಕೆ ಕಟ್ಟಿದ ವೈಫಲ್ಯ ಅತ್ಯುತ್ತಮ, ಏಕೆಂದರೆ ಹತ್ತು ಸಲವೂ ಒಂದೇ ಜಾಗದಲ್ಲಿ ಕೆಡುತ್ತದೆ. ಜೆಟ್ ವಿಮಾನದ ವಿ1 (ಟೇಕಾಫ್ ಕೈಬಿಡಲು ಕೊನೆಯ ವೇಗ) ಅಭ್ಯಾಸಕ್ಕೆ ಆ ದಿನದ ತೂಕಕ್ಕೆ ಲೆಕ್ಕ ಹಾಕಿದ ವಿ1ಗಿಂತ ಎರಡು ಮೂರು ನಾಟ್ ಹೆಚ್ಚಿಗೆ ಕೊಡಿ. ಕಡಿಮೆ ಕೊಟ್ಟರೆ ಅದು ಟೇಕಾಫ್ ಕೈಬಿಡುವ ಅಭ್ಯಾಸವಾಗುತ್ತದೆ. ಒಂಟಿ ಎಂಜಿನ್ನಿನ ವಿಮಾನಕ್ಕೆ 500 ಅಡಿ ಕೊಟ್ಟು ನೋಡಿ. ರನ್‌ವೇ ಅಲ್ಲೇ ಹಿಂದೆ ಇದೆ, ತಿರುಗಿಬಿಡೋಣ ಎಂಬ ಆಸೆ ಎಷ್ಟು ಬಲವಾದದ್ದು ಎಂದು ಆಗ ತಿಳಿಯುತ್ತದೆ. ಹಿಂತಿರುಗಲು 180 ಡಿಗ್ರಿ ಸಾಲದು. ತಿರುಗಿದ ಮೇಲೆ ರನ್‌ವೇಯ ಪಕ್ಕಕ್ಕೆ ಸರಿದಿರುತ್ತೀರಿ, ಮತ್ತೆ ಅದರ ಗೆರೆಗೆ ಸೇರಲು ಇನ್ನಷ್ಟು ತಿರುಗಿ, ಕೊನೆಗೆ ಎದುರು ದಿಕ್ಕಿಗೂ ತಿರುಗಬೇಕು. ಮೂತಿ ಇಳಿಸಿ 70 ನಾಟ್ ಹಿಡಿದು, ಎಡಬಲ 30 ಡಿಗ್ರಿಯೊಳಗೆ ಸಿಕ್ಕ ಜಾಗಕ್ಕೆ ಇಳಿಸುವುದನ್ನು ಕೈಗೆ ಕಲಿಸಿ.

ಯಾದೃಚ್ಛಿಕ ಆಯ್ಕೆಯಲ್ಲಿ ಲೆಕ್ಕ ತಪ್ಪುವವರೇ ಹೆಚ್ಚು. ಒಂದೇ ಭಾಗಕ್ಕೆ ಸರಾಸರಿ 10 ಗಂಟೆ ಎಂದು ಕೊಟ್ಟರೆ ಒಂದು ಗಂಟೆಯ ಹಾರಾಟದಲ್ಲಿ ಅದು ಕೆಡುವ ಸಾಧ್ಯತೆ ನೂರಕ್ಕೆ ಸುಮಾರು 9.5. ಐದು ಭಾಗಗಳಿಗೆ ಹಾಗೆ ಕೊಟ್ಟರೆ ಒಂದಾದರೂ ಕೆಡುವ ಸಾಧ್ಯತೆ ನೂರಕ್ಕೆ 39ಕ್ಕೆ ಏರುತ್ತದೆ. ಇನ್ನೂರು ಭಾಗಗಳಿಗೆ ಒಟ್ಟಾಗಿ 1,000 ಗಂಟೆ ಕೊಟ್ಟರೆ, ಕೇಳಲು ದೊಡ್ಡ ಸಂಖ್ಯೆಯಾದರೂ, ಸರಾಸರಿ ಐದು ಗಂಟೆಗೊಂದು ಕೆಡುತ್ತದೆ. ಅದರಲ್ಲಿ ಬಹುಪಾಲು ನಿಮ್ಮ ಕಣ್ಣಿಗೂ ಬೀಳದ ಸಣ್ಣ ಭಾಗವಾಗಿರಬಹುದು. ನಾವು ಹೇಳುವುದು ಇಷ್ಟು: ಕೈಗೆ ಬಂದಿರುವ ನಾಲ್ಕೈದು ವೈಫಲ್ಯಗಳನ್ನು ಮಾತ್ರ ಆರಿಸಿ, ಅವಕ್ಕೆ 10ರಿಂದ 15 ಗಂಟೆ ಕೊಟ್ಟು, ಎಂದಿನ ಹಾರಾಟಗಳನ್ನು ಮಾಡುತ್ತಾ ಹೋಗಿ. ಮೂರು ಹಾರಾಟ ಏನೂ ಆಗದೆ ಮುಗಿದು ನಾಲ್ಕನೆಯದರಲ್ಲಿ ಇಳಿಯುವ ಹೊತ್ತಿಗೆ ಆಲ್ಟರ್ನೇಟರ್ ನಿಂತಾಗ ಅದನ್ನು ಎಷ್ಟು ಹೊತ್ತಿಗೆ ಗಮನಿಸಿದಿರಿ ಎಂಬುದೇ ಪರೀಕ್ಷೆ.

ಒಬ್ಬರೇ ಇದ್ದು, ಹೊತ್ತು ಕಡಿಮೆಯಿದ್ದರೆ ದಾಳದ ಉಪಾಯ ಚೆನ್ನಾಗಿ ನಡೆಯುತ್ತದೆ. ಆರು ಹಾರಾಟಗಳನ್ನು ಮೊದಲೇ ಸಿದ್ಧಮಾಡಿ ಉಳಿಸಿ, 1ರಿಂದ 6 ಎಂದು ಹೆಸರಿಡಿ. ನಾಲ್ಕರಲ್ಲಿ ಬೇರೆ ಬೇರೆ ವೈಫಲ್ಯ, ಎರಡರಲ್ಲಿ ಏನೂ ಇಲ್ಲ. ಒಂದು ವಾರ ಬಿಟ್ಟು ದಾಳ ಹಾಕಿ ತೆರೆಯಿರಿ. ಏನೂ ಇಲ್ಲದ ಆ ಎರಡನ್ನು ಬಿಡಬೇಡಿ. ಪ್ರತಿ ಹಾರಾಟದಲ್ಲೂ ಏನೋ ಕೆಡುತ್ತದೆಂದು ಗೊತ್ತಿದ್ದರೆ ನೀವು ಮೀಟರುಗಳನ್ನೇ ದಿಟ್ಟಿಸುತ್ತಾ ಕೂರುತ್ತೀರಿ, ನಿಜವಾದ ಹಾರಾಟದಲ್ಲಿ ಯಾರೂ ಹಾಗೆ ಕೂರುವುದಿಲ್ಲ.

ಇವೆಲ್ಲಕ್ಕಿಂತ ಮೇಲಿನದು ಇನ್ನೊಬ್ಬ ಮನುಷ್ಯ. ಎಕ್ಸ್-ಪ್ಲೇನ್‌ನಲ್ಲಿ ಎರಡನೇ ಕಂಪ್ಯೂಟರನ್ನು ಬೋಧಕರ ನಿಲ್ದಾಣವಾಗಿ ಜೋಡಿಸಬಹುದು. ಅಲ್ಲಿಂದ ಹವಾಮಾನ ಬದಲಿಸಬಹುದು, ವೈಫಲ್ಯ ಹಚ್ಚಬಹುದು. ಬೋಧಕರ ಕುರ್ಚಿಯಲ್ಲಿ ಕೂರುವವರಿಗೆ ಒಂದು ಮಾತು: ಸಂಬಂಧವಿಲ್ಲದ ಎರಡು ವೈಫಲ್ಯ ಒಟ್ಟಿಗೆ ಕೊಡಬೇಡಿ. ಒಂದೇ ವೈಫಲ್ಯವನ್ನು, ರೇಡಿಯೋದಲ್ಲಿ ಮಾತಾಡುತ್ತಾ ಫ್ಲ್ಯಾಪ್ ಇಳಿಸುತ್ತಿರುವ ಹೊತ್ತಿಗೆ ಕೊಟ್ಟರೆ ಅದೇ ಸಾಕಷ್ಟು ಭಾರ.

ಸುಳ್ಳು ಹೇಳುವ ಮೀಟರುಗಳು

ಎಂಜಿನ್ ನಿಂತರೆ ಕಿವಿಗೆ ತಿಳಿಯುತ್ತದೆ. ಮೀಟರು ಸುಳ್ಳು ಹೇಳಿದರೆ ಯಾರೂ ಎಚ್ಚರಿಸುವುದಿಲ್ಲ. ನಮ್ಮ ಮಟ್ಟಿಗೆ ಮನೆಯ ಸಿಮ್ಯುಲೇಟರ್‌ನಲ್ಲಿ ಅತಿ ಹೆಚ್ಚು ಕಲಿಸುವ ವೈಫಲ್ಯಗಳು ಇವೇ, ಮತ್ತು ಅತಿ ಕಡಿಮೆ ಅಭ್ಯಾಸವಾಗುವುದೂ ಇವೇ.

ಪಿಟೊ (ಎದುರುಗಾಳಿಯ ಒತ್ತಡ ಹಿಡಿಯುವ ಕೊಳವೆ) ಮತ್ತು ಸ್ಟ್ಯಾಟಿಕ್ (ಸುತ್ತಲ ಗಾಳಿಯ ಒತ್ತಡ ಹಿಡಿಯುವ ರಂಧ್ರ) ಎರಡರ ನಡುವೆ ಆರಿಸುವಾಗ ವ್ಯತ್ಯಾಸ ತಿಳಿದಿರಲಿ. ಪಿಟೊ ಕೊಳವೆಯ ಮುಂಬಾಯಿ ಮಾತ್ರ ಮುಚ್ಚಿ ನೀರಿಳಿಯುವ ರಂಧ್ರ ತೆರೆದಿದ್ದರೆ ವೇಗದ ಮುಳ್ಳು ಸೊನ್ನೆಗೆ ಬೀಳುತ್ತದೆ, ಗುರುತಿಸುವುದು ಸುಲಭ. ಎರಡೂ ಮುಚ್ಚಿದರೆ ಒಳಗೆ ಸಿಕ್ಕಿಕೊಂಡ ಒತ್ತಡ ಹಾಗೇ ಉಳಿಯುತ್ತದೆ, ವಿಮಾನ ಏರಿದಂತೆಲ್ಲ ಹೊರಗಿನ ಒತ್ತಡ ಕಡಿಮೆಯಾಗುತ್ತದೆ, ಆದ್ದರಿಂದ ಮೇಲೇರುವಾಗ ಮುಳ್ಳು ಏರುತ್ತಲೇ ಹೋಗುತ್ತದೆ. ವೇಗ ಹೆಚ್ಚಾಯಿತೆಂದು ಮೂತಿ ಎತ್ತಿದರೆ ಇನ್ನೂ ಏರುತ್ತದೆ, ಕೊನೆಗೆ ಮೀಟರಿನಲ್ಲಿ ವೇಗ ಭರ್ತಿಯಿರುವಾಗಲೇ ವಿಮಾನ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುತ್ತದೆ. ಸ್ಟ್ಯಾಟಿಕ್ ಪೋರ್ಟ್ ಮುಚ್ಚಿದರೆ ಆಲ್ಟಿಮೀಟರ್ ಮುಚ್ಚಿದ ಎತ್ತರದಲ್ಲೇ ನಿಲ್ಲುತ್ತದೆ, ಏರಿಳಿತದ ಮೀಟರು ಸೊನ್ನೆಯಲ್ಲಿ ನಿಲ್ಲುತ್ತದೆ, ವೇಗದ ಮೀಟರು ಏರುವಾಗ ಕಡಿಮೆ ತೋರಿಸಿ ಇಳಿಯುವಾಗ ಹೆಚ್ಚು ತೋರಿಸುತ್ತದೆ. 1996ರ ಅಕ್ಟೋಬರ್ 2ರಂದು ಲಿಮಾದಿಂದ ಹೊರಟ ಏರೋಪೆರು 603ರ ಬೋಯಿಂಗ್ 757ಕ್ಕೆ ಆದದ್ದು ಇದೇ: ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟುಗಳಿಗೆ ಅಂಟಿಸಿದ ಟೇಪ್ ತೆಗೆಯದೆ ಉಳಿದಿತ್ತು. ರಾತ್ರಿ, ಕೆಳಗೆ ಸಮುದ್ರ. ಪೈಲಟ್‌ಗಳಿಗೆ ಎತ್ತರ, ವೇಗ ಯಾವುದೂ ನಿಜ ಸಿಗಲಿಲ್ಲ.

ಮೆನುವಿನಿಂದ ಪಿಟೊ ಕೆಡಿಸುವುದಕ್ಕಿಂತ ಮಂಜುಗಟ್ಟಿಸುವುದು ಒಳ್ಳೆಯದು, ಏಕೆಂದರೆ ಇಲ್ಲೂ ಕಾರಣ ಸಿಗುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗಿನ ಮೋಡದೊಳಗೆ ಪಿಟೊ ಹೀಟ್ ಆಫ್ ಮಾಡಿ ನುಗ್ಗಿ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಮಂಜುಗಡ್ಡೆಯ ಪರಿಣಾಮವನ್ನು ಕೇವಲ ನೋಟಕ್ಕೆ ಎಂದು ಇಟ್ಟಿದ್ದರೆ ಏನೂ ಆಗದು. ಸಹಾಯದ ಸೆಟ್ಟಿಂಗ್‌ನಲ್ಲಿ ಪೂರ್ತಿ ಆನ್ ಮಾಡಿ. ಹೀಟ್ ಹಾಕಿದ ಮೇಲೆ ಮುಳ್ಳು ನಿಧಾನಕ್ಕೆ ಮರಳುತ್ತದೆ. ಆ ನಡುವಿನ ಹೊತ್ತನ್ನು ದಾಟುವುದೇ ಕಲಿಕೆ. ಸ್ಟ್ಯಾಟಿಕ್ ಮುಚ್ಚಿದ್ದರೆ 172ರಲ್ಲಿ ಪರ್ಯಾಯ ಸ್ಟ್ಯಾಟಿಕ್ ಗುಂಡಿ ಎಳೆಯಿರಿ. ಕ್ಯಾಬಿನ್ ಒಳಗಿನ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಕಡಿಮೆ ಇರುವುದರಿಂದ ಎತ್ತರವೂ ವೇಗವೂ ಸಾಮಾನ್ಯವಾಗಿ ಕೊಂಚ ಹೆಚ್ಚು ತೋರಿಸುತ್ತವೆ.

ಆ ಹೊತ್ತನ್ನು ದಾಟಿಸುವುದು ಮೂತಿಯ ಕೋನ ಮತ್ತು ಎಂಜಿನ್ ಶಕ್ತಿ. ಸಣ್ಣ ವಿಮಾನಕ್ಕೆ ಪಟ್ಟಿ ನೀವೇ ಮಾಡಿಕೊಳ್ಳಿ: ತಿಳಿ ಹವೆಯಲ್ಲಿ ಏರುವಾಗ, ಸಮತಟ್ಟಿನಲ್ಲಿ, ಇಳಿಯುವ ದಾರಿಯಲ್ಲಿ ಆರ್‌ಪಿಎಂ ಎಷ್ಟು, ಕೋನ ಎಷ್ಟು, ವೇಗ ಎಷ್ಟು ಎಂದು ಬರೆದಿಟ್ಟು, ಆಮೇಲೆ ವೇಗದ ಮೀಟರಿನ ಮೇಲೆ ಪರದೆಗೇ ಒಂದು ಚೀಟಿ ಅಂಟಿಸಿ ಹಾರಿ. ದೊಡ್ಡ ವಿಮಾನಗಳಿಗೆ ಬಾಯಿಪಾಠದ ಅಂಕಿಗಳಿವೆ. ಏರ್‌ಬಸ್ ಎ320ರಲ್ಲಿ ಆಟೊಪೈಲಟ್, ಆಟೊಥ್ರಸ್ಟ್, ಫ್ಲೈಟ್ ಡೈರೆಕ್ಟರ್ ಮೂರೂ ಆಫ್. ಥ್ರಸ್ಟ್ ಇಳಿಸುವ ಎತ್ತರಕ್ಕಿಂತ ಕೆಳಗೆ 15 ಡಿಗ್ರಿ ಮತ್ತು ಟೋಗಾ (ಟೇಕಾಫ್‌ನ ಪೂರ್ಣ ಶಕ್ತಿ), ಅದರ ಮೇಲೆ 10,000 ಅಡಿಯವರೆಗೆ 10 ಡಿಗ್ರಿ ಮತ್ತು ಕ್ಲೈಂಬ್ (ಏರುವ ಶಕ್ತಿ), ಅದಕ್ಕೂ ಮೇಲೆ 5 ಡಿಗ್ರಿ ಮತ್ತು ಕ್ಲೈಂಬ್. ಬೋಯಿಂಗ್ 737ರ ಎನ್‌ಜಿ ಮಾದರಿಯಲ್ಲೂ ಮೊದಲು ಅದೇ ಮೂರನ್ನು ಆಫ್ ಮಾಡಿ, ಫ್ಲ್ಯಾಪ್ ಮೇಲಿದ್ದರೆ 4 ಡಿಗ್ರಿ ಮತ್ತು ಎನ್1 (ಎಂಜಿನ್ನಿನ ಮುಂದಿನ ಫ್ಯಾನಿನ ವೇಗ) ನೂರಕ್ಕೆ 75, ಫ್ಲ್ಯಾಪ್ ಇಳಿದಿದ್ದರೆ 10 ಡಿಗ್ರಿ ಮತ್ತು 80. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ಪಿಟೊಗಳು ಮಂಜುಗಟ್ಟಿ ವೇಗದ ಮಾಹಿತಿ ತಪ್ಪಿದ್ದು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಆ ಹೊತ್ತಿನಲ್ಲಿ ಎಳೆದ ಮೂತಿ ವಿಮಾನವನ್ನು ಸ್ಟಾಲ್‌ಗೆ ಒಯ್ದಿತು, ಅದರಿಂದ ಅದು ಹೊರಬರಲೇ ಇಲ್ಲ.

ವ್ಯಾಕ್ಯೂಮ್ ಪಂಪಿನ ವೈಫಲ್ಯಕ್ಕೆ ವಿಮಾನದ ಮಾದರಿ ನೋಡಿ ಆರಿಸಿ. ಒಳ್ಳೆಯ ಮಾದರಿಯಲ್ಲಿ ಕೃತಕ ದಿಗಂತವನ್ನು ನೆಟ್ಟಗಿಡುವ ಗೈರೊ (ಆ ಪಂಪಿನ ಸೆಳೆತದಿಂದ ಸುತ್ತುವ ಚಕ್ರ) ತಕ್ಷಣ ಬೀಳುವುದಿಲ್ಲ. ವೇಗ ಕಳೆದುಕೊಳ್ಳುತ್ತಾ ಹಲವು ನಿಮಿಷ ನಿಧಾನಕ್ಕೆ ವಾಲುತ್ತದೆ. ನೀವು ಮೋಡದೊಳಗೆ ಅದರ ಜತೆಗೇ ವಾಲುತ್ತೀರಿ. ಕಂಡುಹಿಡಿಯುವ ದಾರಿ ಹೋಲಿಕೆ: ಕೃತಕ ದಿಗಂತ ತಿರುವು ತೋರಿಸುತ್ತಿದೆ, ವಿದ್ಯುತ್ತಿನಿಂದ ಓಡುವ ಟರ್ನ್ ಕೋಆರ್ಡಿನೇಟರ್ ನೇರ ಎನ್ನುತ್ತಿದೆ, ಸಕ್ಷನ್ ಮೀಟರ್ 4.5 ಇಂಚಿಗಿಂತ ಕೆಳಗಿದೆ. ಪತ್ತೆಯಾದೊಡನೆ ಸುಳ್ಳು ಮೀಟರನ್ನು ಮುಚ್ಚಿ. ಕಣ್ಣು ಅಭ್ಯಾಸಬಲದಿಂದ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ತಿರುವನ್ನು ಗಡಿಯಾರದಿಂದ ಅಳೆಯಿರಿ: ಪ್ರಮಾಣಿತ ತಿರುವಿನಲ್ಲಿ ಸೆಕೆಂಡಿಗೆ 3 ಡಿಗ್ರಿ, 90 ಡಿಗ್ರಿಗೆ 30 ಸೆಕೆಂಡ್. ಪಂಪ್ ಕೆಟ್ಟ ಕ್ಷಣದಲ್ಲೇ ದಿಗಂತ ಮಾಯವಾಗಿ ಕೆಂಪು ಗುರುತು ಬೀಳುವ ವಿಮಾನದಲ್ಲಿ ಈ ಪಾಠ ಸಿಗುವುದಿಲ್ಲ.

ಎರಡು ಎಂಜಿನ್ನಿನ ವಿಮಾನ: ಯಾವುದು ಕೆಟ್ಟದ್ದು?

ಪಿಸ್ಟನ್ ಅವಳಿಯೋ, ಜೆಟ್ಟೋ ಎಂದು ಕೇಳುವವರಿಗೆ ನಮ್ಮ ಉತ್ತರ ಸ್ಪಷ್ಟ: ಮೊದಲು ಪಿಸ್ಟನ್. ಬೀಚ್‌ಕ್ರಾಫ್ಟ್ ಬ್ಯಾರನ್ 58 ಎರಡೂ ಪ್ರಮುಖ ಸಿಮ್ಯುಲೇಟರ್‌ಗಳಲ್ಲಿ ಇದೆ. ಅರ್ಧ ಶಕ್ತಿ ಹೋದರೆ ಏರುವ ಸಾಮರ್ಥ್ಯದಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಹೋಗುತ್ತದೆ, ಉಳಿದ ಚೂರು ವೇಗದ ಮೀಟರಿನ 101 ನಾಟ್‌ನ ನೀಲಿ ಗೆರೆಯಲ್ಲಿ ಮಾತ್ರ ಸಿಗುತ್ತದೆ, 84 ನಾಟ್‌ನ ಕೆಂಪು ಗೆರೆಗಿಂತ ಇಳಿದರೆ ರಡ್ಡರ್ ಸೋತು ವಿಮಾನ ಮಗುಚುತ್ತದೆ. ಕ್ಷಮೆಯೇ ಇಲ್ಲದ ಈ ವಿಮಾನದಲ್ಲಿ ಕಾಲು ಕಲಿತದ್ದು ಜೆಟ್‌ನಲ್ಲಿ ಮರೆಯುವುದಿಲ್ಲ.

ಕ್ರಮ ಹೀಗೆ: ಮೂತಿ ನೀಲಿ ಗೆರೆಗೆ, ಮಿಕ್ಸ್ಚರ್, ಪ್ರೊಪೆಲರ್, ಥ್ರಾಟಲ್ ಎಲ್ಲ ಮುಂದೆ, ಚಕ್ರ ಮೇಲೆ, ಫ್ಲ್ಯಾಪ್ ಮೇಲೆ. ನೇರ ಹಿಡಿಯಲು ಯಾವ ಕಾಲು ಒತ್ತುತ್ತಿಲ್ಲವೋ ಆ ಬದಿಯ ಎಂಜಿನ್ ಸತ್ತದ್ದು. ಆದರೂ ಖಚಿತಪಡಿಸಿಕೊಳ್ಳಿ: ಆ ಎಂಜಿನ್ನಿನ ಥ್ರಾಟಲ್ ನಿಧಾನಕ್ಕೆ ಹಿಂದೆಳೆದಾಗ ಏನೂ ಬದಲಾಗದಿದ್ದರೆ ಸರಿ. ಆಮೇಲಷ್ಟೇ ಫೆದರ್, ಅಂದರೆ ಪ್ರೊಪೆಲರ್ ಅಲಗುಗಳ ಅಂಚನ್ನು ಗಾಳಿಗೆ ಒಡ್ಡುವುದು. ಜೀವಂತ ಎಂಜಿನ್ನಿನ ಕಡೆಗೆ ಐದು ಡಿಗ್ರಿಯೊಳಗೆ ವಾಲಿಸಿ. ಬ್ರಿಟಿಷ್ ಮಿಡ್‌ಲ್ಯಾಂಡ್‌ನ ಬೋಯಿಂಗ್ 737-400 ಒಂದು 1989ರ ಜನವರಿ 8ರಂದು ಕೆಗ್‌ವರ್ತ್ ಬಳಿ ಬಿದ್ದಾಗ ಕೆಟ್ಟಿದ್ದು ಎಡ ಎಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲ. 47 ಜನ ಸತ್ತರು. ಖಚಿತಪಡಿಸಿಕೊಳ್ಳುವ ಆ ಮೂರು ಸೆಕೆಂಡನ್ನು ಸಿಮ್ಯುಲೇಟರ್‌ನಲ್ಲೂ ಎಂದೂ ಬಿಡಬೇಡಿ.

ಯಂತ್ರಾಂಶದ ತೊಂದರೆಗಳು ಇಲ್ಲಿ ಜಾಸ್ತಿ. ಆಟೊ-ರಡ್ಡರ್ ಸಹಾಯ ಆನ್ ಇದ್ದರೆ ಸತ್ತ ಎಂಜಿನ್ನಿನ ಎಳೆತ ನಿಮಗೆ ತಿಳಿಯುವುದೇ ಇಲ್ಲ. ಪೆಡಲ್ ಇಲ್ಲದಿದ್ದರೆ ತಿರುಚುವ ಜಾಯ್‌ಸ್ಟಿಕ್ ಆದೀತು, ಆದರೆ ‘ಒತ್ತದ ಕಾಲು’ ಎಂಬ ಸೂಚನೆ ಸಿಗದು. ಪ್ರೊಪೆಲರ್ ಲಿವರ್ ಪೂರ್ತಿ ಹಿಂದೆ ಬಂದರೂ ಫೆದರ್ ಆಗದಿದ್ದರೆ ಅಕ್ಷದ ತುದಿ ಸೊನ್ನೆ ಮುಟ್ಟುತ್ತಿಲ್ಲ. ಮತ್ತೆ ಕ್ಯಾಲಿಬ್ರೇಟ್ ಮಾಡಿ, ಇಲ್ಲವೇ ಫೆದರ್‌ಗೆ ಪ್ರತ್ಯೇಕ ಗುಂಡಿ ಕೊಡಿ.

ಜೆಟ್‌ಗೆ ಬಂದಾಗ ಗಡಿಬಿಡಿಯೇ ಶತ್ರು. ಎ320ರಲ್ಲಿ ವಿ1 ನಂತರ ಎಂಜಿನ್ ಹೋದರೆ ಸುಮಾರು 12.5 ಡಿಗ್ರಿಗೆ ಎತ್ತಿ, ಚಕ್ರ ಮಡಚಿ, 400 ಅಡಿ ದಾಟುವವರೆಗೆ ಹಾರಿಸುವುದನ್ನು ಬಿಟ್ಟು ಬೇರೇನೂ ಮಾಡುವಂತಿಲ್ಲ. ಬೆಂಕಿಯಿದ್ದರೂ ಅಷ್ಟೇ. ಆಮೇಲೆ ಇಕ್ಯಾಮ್ ಪರದೆ ಹೇಳಿದಂತೆ ಥ್ರಸ್ಟ್ ಲಿವರ್ ಐಡಲ್, ಎಂಜಿನ್ ಮಾಸ್ಟರ್ ಆಫ್, ಬೆಂಕಿಯ ಗುಂಡಿ ಒತ್ತುವುದು, 10 ಸೆಕೆಂಡ್ ಬಿಟ್ಟು ಮೊದಲ ಬಾಟಲಿ, 30 ಸೆಕೆಂಡಿಗೂ ಆರದಿದ್ದರೆ ಎರಡನೆಯದು. 737ರಲ್ಲಿ ಪರದೆ ಹೇಳಿಕೊಡುವುದಿಲ್ಲ, ಮೊದಲ ಕ್ರಮಗಳು ಬಾಯಿಪಾಠವೇ: ಆಟೊಥ್ರಾಟಲ್ ಬಿಡಿಸಿ, ಲಿವರ್ ಮುಚ್ಚಿ, ಸ್ಟಾರ್ಟ್ ಲಿವರ್ ಕಟ್‌ಆಫ್, ಬೆಂಕಿಯ ಹಿಡಿ ಎಳೆದು, ದೀಪ ಆರದಿದ್ದರೆ ತಿರುಗಿಸಿ ಒಂದು ಸೆಕೆಂಡ್ ಹಿಡಿಯುವುದು, 30 ಸೆಕೆಂಡಿನ ನಂತರವೂ ಉರಿದರೆ ಇನ್ನೊಂದು ಬದಿಗೆ. ಪರದೆ ಓದಿ ಕೆಲಸ ಮಾಡುವ ಶಿಸ್ತು ಬೇಕೆಂದರೆ ಎ320, ನೆನಪಿನ ಶಿಸ್ತು ಬೇಕೆಂದರೆ 737.

ವಿಮಾನದ ಆಳ ಅಳೆಯುವ ಪರೀಕ್ಷೆ

ಸಿಮ್ಯುಲೇಟರ್ ಜತೆಗೆ ಬರುವ ವಿಮಾನ ಸಾಕೇ, ಪ್ರತ್ಯೇಕವಾಗಿ ಆಳವಾದ ಮಾದರಿ ಬೇಕೇ? ಎಂಜಿನ್, ಪಿಟೊ, ವ್ಯಾಕ್ಯೂಮ್‌ಗೆ ಸಾಮಾನ್ಯವಾಗಿ ಮೂಲ ವಿಮಾನವೇ ಸಾಕು. ವಿದ್ಯುತ್ ಮತ್ತು ಹೈಡ್ರಾಲಿಕ್‌ಗೆ ಸಾಲದು. ಅಲ್ಲಿ ಪಾಠವಿರುವುದೇ ಒಂದರಿಂದ ಇನ್ನೊಂದಕ್ಕೆ ಹರಡುವುದರಲ್ಲಿ.

ಎ320 ಮಾದರಿಯೊಂದನ್ನು ಪರೀಕ್ಷಿಸಲು ಹಗಲಲ್ಲಿ, 20,000 ಅಡಿಯಲ್ಲಿ, ಎಪಿಯು (ಬಾಲದಲ್ಲಿನ ಸಣ್ಣ ಸಹಾಯಕ ಎಂಜಿನ್) ಆಫ್ ಇರುವಾಗ ಎರಡೂ ಜನರೇಟರ್ ಸ್ವಿಚ್ ಆಫ್ ಮಾಡಿ. ಮೊದಲು ಆಟೊಪೈಲಟ್ ಬಿಟ್ಟುಹೋಗಬೇಕು. ಸಹಪೈಲಟ್ ಬದಿಯ ಪರದೆಗಳು ಕಪ್ಪಾಗಿ ಕ್ಯಾಪ್ಟನ್ ಬದಿ ಉಳಿಯಬೇಕು. ಹೊಟ್ಟೆಯಡಿಯಿಂದ ಗಾಳಿಗೆ ತಿರುಗುವ ಪುಟ್ಟ ಟರ್ಬೈನ್ ಆದ ರ‍್ಯಾಟ್ ತಾನೇ ಇಳಿದು, ನೀಲಿ ಹೈಡ್ರಾಲಿಕ್ (ಹಸಿರು, ನೀಲಿ, ಹಳದಿ ಎಂಬ ಮೂರು ವ್ಯವಸ್ಥೆಗಳಲ್ಲೊಂದು) ಮೂಲಕ ತುರ್ತು ಜನರೇಟರನ್ನು ಓಡಿಸಬೇಕು. ಅದು ಹಿಡಿಯುವವರೆಗಿನ ಕೆಲವು ಸೆಕೆಂಡ್ ಬ್ಯಾಟರಿಯೇ ಗತಿ. ಕಂಪ್ಯೂಟರ್ ಹಾರಾಟವನ್ನು ಕಾಯುವ ನಿಯಮ ಆಲ್ಟರ್ನೇಟ್ ಎಂಬ ಕಡಿಮೆ ರಕ್ಷಣೆಯ ಹಂತಕ್ಕೆ ಇಳಿಯಬೇಕು, ಮತ್ತು ಇಳಿಯುವಾಗ ಚಕ್ರ ಹೊರಬಿಟ್ಟಾಗ ಡೈರೆಕ್ಟ್‌ಗೆ. ಇವಿಷ್ಟೂ ಆದರೆ ಆ ಮಾದರಿಯಲ್ಲಿ ವಿದ್ಯುತ್ ವೈಫಲ್ಯ ಕಲಿಯಬಹುದು. ಎರಡು ದೀಪ ಹತ್ತಿ ಉಳಿದದ್ದೆಲ್ಲ ಎಂದಿನಂತೆ ನಡೆದರೆ ಅದನ್ನು ಎಂಜಿನ್ ಅಭ್ಯಾಸಕ್ಕಷ್ಟೇ ಇಟ್ಟುಕೊಳ್ಳಿ. ಹಸಿರು ಹೈಡ್ರಾಲಿಕ್ ಕೆಡಿಸಿದರೆ ಚಕ್ರ ಲಿವರ್‌ನಿಂದ ಇಳಿಯಬಾರದು. ಕೈಹಿಡಿಯನ್ನು ಎಳೆದು ಮೂರು ಸುತ್ತು ತಿರುಗಿಸಿ ತೂಕದಿಂದಲೇ ಇಳಿಸಬೇಕು, ಬ್ರೇಕು ಹಳದಿಗೆ ಬದಲಾಗಬೇಕು.

ಆಳವಾದ ಮಾದರಿಗಳಲ್ಲಿ ಫ್ಲೈಬೈವೈರ್‌ನ ಎ32ಎನ್‌ಎಕ್ಸ್ ಉಚಿತ, ವೈಫಲ್ಯಗಳ ಪುಟ ಅದರ ಟ್ಯಾಬ್ಲೆಟ್‌ನಲ್ಲೇ ಇದೆ. ಫೀನಿಕ್ಸ್ ಎ320ರಲ್ಲೂ ಟ್ಯಾಬ್ಲೆಟ್‌ನಿಂದಲೇ ಆರಿಸುವುದು. ಪಿಎಂಡಿಜಿಯ ಬೋಯಿಂಗ್‌ಗಳಲ್ಲಿ ಎಫ್‌ಎಂಸಿ ಎಂಬ ಹಾರಾಟ ನಿರ್ವಹಣೆಯ ಕಂಪ್ಯೂಟರಿನ ಮೆನುವಿನೊಳಗೆ ಸಿಗುತ್ತದೆ. ಇಂಥ ವಿಮಾನಗಳು ತಮ್ಮದೇ ವ್ಯವಸ್ಥೆ ನಡೆಸುವುದರಿಂದ ಸಿಮ್ಯುಲೇಟರ್‌ನ ಮೂಲ ಮೆನುವಿನ ವೈಫಲ್ಯವನ್ನು ಇವುಗಳ ಮೇಲೆ ಹೇರಬೇಡಿ. ಒಂದೋ ಏನೂ ಆಗದು, ಇಲ್ಲವೇ ಅರ್ಧ ಕೆಟ್ಟು ಅರ್ಥವಾಗದ ಸ್ಥಿತಿಗೆ ಬರುತ್ತದೆ.

ಸಣ್ಣ ವಿಮಾನದಲ್ಲಿ ವಿದ್ಯುತ್ತಿನ ಅಭ್ಯಾಸಕ್ಕೆ ಆಲ್ಟರ್ನೇಟರ್ ಸಾಕು. 28 ವೋಲ್ಟಿನ 172ಎಸ್‌ನಲ್ಲಿ 24.5ಕ್ಕಿಂತ ಇಳಿದಾಗ ಎಚ್ಚರಿಕೆ ಬರುತ್ತದೆ. ಬ್ರೇಕರ್ ಒಳಗಿದೆಯೇ ನೋಡಿ, ಆಲ್ಟರ್ನೇಟರ್ ಸ್ವಿಚ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಬರದಿದ್ದರೆ ಬೇಡದ ಹೊರೆಗಳನ್ನೆಲ್ಲ ತೆಗೆದು ಬ್ಯಾಟರಿ ಉಳಿಸಿಕೊಳ್ಳಿ. ರಾತ್ರಿ ಹಾರಾಟದಲ್ಲಿ ಇದನ್ನು ಮಾಡಿ ನೋಡಿ. ಯಾವ ದೀಪ, ಯಾವ ರೇಡಿಯೋ ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಆಗ ಚುರುಕಾಗುತ್ತದೆ.

ಹಾರುವ ಮುಂಚೆ, ಹಾರಿದ ಮೇಲೆ

ಅಪಘಾತ ಪತ್ತೆಯನ್ನು ಆನ್ ಇಡಿ, ಇಲ್ಲದಿದ್ದರೆ ಮರಕ್ಕೆ ತಾಗಿದ ಇಳಿತವೂ ಯಶಸ್ಸೆಂದೇ ಅನ್ನಿಸುತ್ತದೆ. ಥ್ರಾಟಲ್, ಮಿಕ್ಸ್ಚರ್ ಲಿವರ್‌ಗಳು ಅದುರುವ ಹಳೆಯ ಯಂತ್ರಾಂಶದಲ್ಲಿ ಮೌಸ್‌ನಿಂದ ಮಾಡಿದ ಬದಲಾವಣೆ ಮರುಕ್ಷಣ ಹಿಂದಕ್ಕೆ ಹಾರುತ್ತದೆ. ಅಂಥ ಲಿವರ್‌ಗೆ ಸ್ವಲ್ಪ ಡೆಡ್‌ಝೋನ್ ಕೊಡಿ. ಅಭ್ಯಾಸ ಮುಗಿದ ಮೇಲೆ ವೈಫಲ್ಯಗಳನ್ನು ಎಲ್ಲ ಸರಿಪಡಿಸು ಎಂದು ಕೊಟ್ಟು, ಪಟ್ಟಿ ಖಾಲಿಯಾಗಿದೆಯೇ ಎಂದು ಕಣ್ಣಾರೆ ನೋಡಿ. ಹಳೆಯ ವೈಫಲ್ಯ ಉಳಿಸಿದ ಹಾರಾಟದೊಳಗೆ ಅವಿತುಕೊಂಡು ವಾರದ ನಂತರ ಎದ್ದು ಬರುವುದುಂಟು.

ನಿಯಂತ್ರಕರೂ ಮನುಷ್ಯರೇ ಆಗಿರುವ ವ್ಯಾಟ್‌ಸಿಮ್‌ನಂಥ ಆನ್‌ಲೈನ್ ಜಾಲದಲ್ಲಿ ಹಾರುವವರು ತುರ್ತು ಸ್ಥಿತಿ ಘೋಷಿಸಬಹುದು, ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತು ಸಂಕೇತ 7700 ಹಾಕಬಹುದು. ಆದರೆ ನಿಯಂತ್ರಕರು ಈಗ ಆಗದು ಎಂದರೆ ವೈಫಲ್ಯ ರದ್ದುಮಾಡಬೇಕು ಅಥವಾ ಜಾಲದಿಂದ ಹೊರಬರಬೇಕು. ಅಪಹರಣದ 7500 ಅಲ್ಲಿ ನಿಷಿದ್ಧ. ಮೊದಮೊದಲ ಅಭ್ಯಾಸ ಜಾಲದ ಹೊರಗೇ ಇರಲಿ.

ಹಾರಾಟದ ಮರುಪ್ರದರ್ಶನ ನೋಡುವಾಗ ಇಳಿದ ಜಾಗಕ್ಕಿಂತ ಮೊದಲ ಅರ್ಧ ನಿಮಿಷ ನೋಡಿ. ವೈಫಲ್ಯವಾದ ಕ್ಷಣ, ಸರಿಯಾದ ವೇಗ ಸಿಕ್ಕ ಕ್ಷಣ, ಮೊದಲ ಸ್ವಿಚ್ ಮುಟ್ಟಿದ ಕ್ಷಣ ಎಂದು ಮೂರನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೂರನೆಯದು ಎರಡನೆಯದಕ್ಕಿಂತ ಮುಂಚೆ ಬಂದಿದ್ದರೆ ಅದೇ ಹಾರಾಟವನ್ನು ಅದೇ ವೈಫಲ್ಯದೊಂದಿಗೆ ಮತ್ತೆ ತೆರೆಯಿರಿ.